ಒಂದಕ್ಕೆ ಎರಡು ಕೂಡಿಸಿದರೆ ತೊಂಬತ್ತೊಂಬತ್ತು

ನಮ್ಮ ಮನೆಗೆ ಡಿಗ್ರಿ ಬರುವುದು ಆಗಿಹೋಗುವ ಮಾತಲ್ಲ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ನಮ್ಮೂರು ಕಿಗ್ಗದ ಬಸ್‌ಸ್ಟಾಪಿನಲ್ಲಿ, ನಾಲ್ಕು ಜನರೆದುರು, ಬಾಯಲ್ಲಿದ್ದ ಎಲೆಯಡಿಕೆಯನ್ನು ಕೆನ್ನೆಗೆ ಸರಿಸಿಕೊಂಡು ಹೇಳಿದರು.

"ಆಕಾಶಕ್ಕೆ ಏಣಿ ಹಾಕ್ಬೇಡ ಮಾರಾಯ್ತಿ. ನಿನ್ನಪ್ಪ ಏಳಕ್ಕೆ ಬಿಟ್ಟ, ನಾನು ಐದಕ್ಕೆ ಬಿಟ್ಟೆ, ನಿಮ್ಮಜ್ಜ ಶಾಲೆ ಬಾಗಿಲೇ ನೋಡ್ಲಿಲ್ಲ. ನೀನೂ ಎಲ್ಲೋ ಒಂದ್ಕಡೆ ಬಿಡ್ತೀಯ. ಬಿಡೋದನ್ನ ಬೇಗ ಬಿಡು. ನಿಮ್ಮಮ್ಮಂಗೆ ಕೈಗಾದ್ರೂ ಆಗ್ತೀಯ."

ಅಮ್ಮ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಅಪ್ಪನದು ಗಾರೆ ಕೆಲಸ. ದೊಡ್ಡಪ್ಪ ಕೆಟ್ಟವರಲ್ಲ, ಕಂಡದ್ದನ್ನು ಹೇಳಿದರು. ಅವರು ಹೇಳಿದ್ದು ಹೆಚ್ಚುಕಡಿಮೆ ನಿಜವೂ ಆಗುತ್ತಿತ್ತು. ಹಾಗಾಗದಂತೆ ಅಡ್ಡ ನಿಂತವರೊಬ್ಬರಿದ್ದರು. ಅವರು ಹೋದ ತಿಂಗಳು ತೀರಿಕೊಂಡರು. ಹಾಜರಿ ಪುಸ್ತಕದ ಸಹಿ ಬಿಟ್ಟರೆ ಮತ್ತೆಲ್ಲೂ ತಮ್ಮ ಹೆಸರು ಬರುವುದು ಅವರಿಗೆ ಇಷ್ಟವಿರಲಿಲ್ಲ, ಅದಕ್ಕೇ ನಾನೂ ಬರೆಯುವುದಿಲ್ಲ. ನಮಗೆ ಅವರು 'ಸಿ ಸರ್'. ಕಂಪ್ಯೂಟರಿಗೆ ಕೆಲಸ ಹೇಳುವ ಸಿ ಎನ್ನುವ ಭಾಷೆಯನ್ನು ಕಲಿಸುತ್ತಿದ್ದರು, ಅಷ್ಟೇ.

ಸರ್ ಅತಿಥಿ ಉಪನ್ಯಾಸಕರು. ಸೋಮವಾರ ಮಂಗಳವಾರ ಕೊಪ್ಪ, ಬುಧವಾರ ಗುರುವಾರ ನಮ್ಮ ಶೃಂಗೇರಿ, ಶುಕ್ರವಾರ ಶನಿವಾರ ಎನ್.ಆರ್. ಪುರ. ಹೀಗೆ ಹದಿನಾರು ವರ್ಷ. ಮೂರು ಕಾಲೇಜಿನ ಮೂರು ಹಾಜರಿ ಪುಸ್ತಕ, ಮೂರಕ್ಕೂ ಬೇರೆ ಬೇರೆ ಬಣ್ಣದ ಕ್ಯಾಲೆಂಡರ್ ಹಾಳೆಯ ರಟ್ಟು. ಬಸ್ಸಿನಲ್ಲಿ ಕಂಡಕ್ಟರ್ ಸೀಟಿನ ಹಿಂದಿನ ಸೀಟು. ಮಧ್ಯಾಹ್ನ ಒಂದೇ ಒಂದು ಬಾಳೆಹಣ್ಣು ಕೊಳ್ಳುತ್ತಿದ್ದರು. ಒಂದು ಕೊಡಿ ಎಂದರೆ ಅಂಗಡಿಯವನಿಗೆ ಬೇಜಾರು, ಚಿಪ್ಪಿನಿಂದ ಕಿತ್ತು ಕೊಡಬೇಕಲ್ಲ. "ಜೋಡಿ ತಗೊಳ್ಳಿ ಸರ್" ಅನ್ನುತ್ತಿದ್ದ. "ಇನ್ನೊಂದನ್ನ ಏನ್ಮಾಡ್ಲಿ?" ಅನ್ನುತ್ತಿದ್ದರು. ತಮಾಷೆಗಲ್ಲ, ನಿಜವಾಗಿಯೂ ಕೇಳುತ್ತಿದ್ದರು.

ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ಬಂತು. ಸಂಜೆಯೊಳಗೆ ಮೂರೂ ಕಾಲೇಜಿನ ಹಳೆ ವಿದ್ಯಾರ್ಥಿಗಳು ಒಂದೇ ಗುಂಪಿನಲ್ಲಿ ಸೇರಿಕೊಂಡೆವು. ಅಂತಿಮ ದರ್ಶನಕ್ಕೆ ಎಲ್ಲಿಗೆ ಹೋಗಬೇಕು ಎಂದು ಒಬ್ಬ ಕೇಳಿದ. ಕೊಪ್ಪದವರು, "ಸರ್ ಮನೆ ಶೃಂಗೇರಿ ಅಲ್ವಾ?" ಎಂದರು. ನಮ್ಮ ಶೃಂಗೇರಿಯವರು, "ಇಲ್ಲಪ್ಪ, ಅವರು ಎನ್.ಆರ್. ಪುರದೋರು" ಎಂದರು. ಎನ್.ಆರ್. ಪುರದವರು, "ನಾವು ಕೊಪ್ಪ ಅಂತ ತಿಳ್ಕೊಂಡಿದ್ವಲ್ಲ" ಎಂದು ಬರೆದರು. ಹದಿನಾರು ವರ್ಷ ಮೂರು ಊರಿಗೂ ಅವರು ಪಕ್ಕದ ಊರಿನವರಾಗಿದ್ದರು. ನಮ್ಮಲ್ಲಿ ಯಾರನ್ನೂ ಅವರು ಮನೆಯ ಬಗ್ಗೆ ಕೇಳಿದವರಲ್ಲ, ನಾವೂ ಅವರದನ್ನು ಕೇಳಲಿಲ್ಲ. ಅವರು ಎಲ್ಲಿರುತ್ತಿದ್ದರು ಎನ್ನುವುದು ನನಗೆ ಮಾತ್ರ ಗೊತ್ತಿತ್ತು. ಅದು ಗೊತ್ತಾದದ್ದು ಹೇಗೆಂದು ಮುಂದೆ ಹೇಳುತ್ತೇನೆ.

ಮೊದಲ ತರಗತಿಯಲ್ಲೇ ಅವರು ನನ್ನನ್ನು "ನೀವು ಹೇಳಿ" ಎಂದರು. ಅಲ್ಲಿಯವರೆಗೆ ನನ್ನನ್ನು ಯಾರೂ ನೀವು ಎಂದಿರಲಿಲ್ಲ. ಹಿಂದಿನ ಬೆಂಚಿನ ಯಾರನ್ನೋ ಕೇಳುತ್ತಿದ್ದಾರೆಂದು ತಿರುಗಿ ನೋಡಿದೆ. ಹಿಂದೆ ಗೋಡೆಯಿತ್ತು.

"ನಿಮಗೆ ಬಾಯಿಪಾಠ ಇರೋ ಒಂದು ನಂಬರ್ ಹೇಳಿ."

"ಎಪ್ಪತ್ತೆಂಟು ಬಾರ್ ಎರಡು ಸರ್."

ನಮ್ಮ ಜಾಗದ ಸರ್ವೆ ನಂಬರ್ ಅದು. ನಮ್ಮ ಕಡೆ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬರುವುದು ಸರ್ವೆ ನಂಬರ್. ಅರ್ಧ ಎಕರೆ ಇದ್ದರೂ ಸರಿ, ಅದು ಕಂದಾಯದ್ದೋ ಕಾಡಿನದ್ದೋ ಎಂಬ ಮಾತು ಊಟಕ್ಕೆ ಕುಳಿತಾಗಲೂ ನಡೆದಿರುತ್ತದೆ. ಕ್ಲಾಸಿನಲ್ಲಿ ಹೆಚ್ಚಿನವರು ಫೋನ್ ನಂಬರ್ ಬಿಟ್ಟು ಸರ್ವೆ ನಂಬರನ್ನೇ ಹೇಳಿದರು. ಸರ್ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು, ಕಂಪ್ಯೂಟರಿನಲ್ಲಿ ಇದನ್ನು ಇಡಲು ಯಾವ ಡಬ್ಬಿ ಬೇಕು ಎಂದು ಕೇಳಿದರು. ಪೂರ್ಣಾಂಕ ಇಡುವ ಡಬ್ಬಿಗೆ ಸಿ ಭಾಷೆಯಲ್ಲಿ ಇಂಟ್ ಎಂದು ಹೆಸರು, ಅಕ್ಷರ ಇಡುವ ಡಬ್ಬಿಗೆ ಚಾರ್. ನಂಬರ್ ಎಂದ ಮೇಲೆ ಇಂಟ್ ಎಂದೆವು ಎಲ್ಲರೂ. ಲ್ಯಾಬಿಗೆ ಹೋಗಿ ಹಾಗೇ ಬರೆದೆ. ಇಂಟ್ ಡಬ್ಬಿಗೆ 78/2 ಎಂದು ಕೊಟ್ಟು, ತೋರಿಸು ಎಂದೆ. ನೀಲಿ ಪರದೆಯ ಮೇಲೆ 39 ಎಂದು ಬಂತು. ಯಂತ್ರ ನಮ್ಮ ಜಾಗವನ್ನು ಎರಡರಿಂದ ಭಾಗಿಸಿ ಕೈಗೆ ಕೊಟ್ಟಿತ್ತು.

"ಮೂವತ್ತೊಂಬತ್ತು ನಮ್ದಲ್ಲ ಸರ್, ಆಚೆಮನೆಯೋರದ್ದು!" ಎಂದು ಕೂಗಿದೆ. ಲ್ಯಾಬೆಲ್ಲ ನಕ್ಕಿತು.

ಸರ್ ನಗಲಿಲ್ಲ. "ನಿಮ್ಮ ಸರ್ವೆ ನಂಬರಿನಿಂದ ಪಕ್ಕದವರದ್ದನ್ನ ಕಳೆದ್ರೆ ಎಷ್ಟು ಬರುತ್ತೆ?" ಎಂದರು.

ಸಿರಿಮನೆ ಕಡೆಯ ಹುಡುಗನೊಬ್ಬ ಎದ್ದು ನಿಂತ. "ಜಗಳ ಬರ್ತದೆ ಸರ್."

ಆಗ ನಕ್ಕರು. ಅವರು ಬಾಯ್ತುಂಬ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಸರಿಯಾಗಿ ಹೇಳಿದ್ರಿ. ಕೂಡಿ ಕಳೆದ್ರೆ ಅರ್ಥ ಬರೋ ಹಾಗಿದ್ರೆ ಅದು ಸಂಖ್ಯೆ. ಜಗಳ ಬರೋ ಹಾಗಿದ್ರೆ ಅಕ್ಷರ. ನಂಬರ್ ಅಂತ ಹೆಸರಿಟ್ಟದ್ದೆಲ್ಲ ನಂಬರಲ್ಲ." ಹಾಗೆ ಹೇಳುವಾಗ ಅವರು ಹೆಬ್ಬೆರಳು ತೋರುಬೆರಳನ್ನು ಗಾಳಿಯಲ್ಲಿ ಎತ್ತಿ, ನಡುವೆ ಇಲ್ಲದ ಒಂದು ಅಕ್ಷರವನ್ನು ಹಿಡಿದುಕೊಳ್ಳುತ್ತಿದ್ದರು. ಸಿ ಭಾಷೆಯಲ್ಲಿ ಒಂದು ಅಕ್ಷರವನ್ನು ಬರೆಯಬೇಕಾದರೆ ಅತ್ತ ಒಂದು ಇತ್ತ ಒಂದು ಚಿಕ್ಕ ಗುರುತು ಹಾಕಬೇಕು. ಆ ಗುರುತುಗಳೇ ಅವರ ಆ ಎರಡು ಬೆರಳು. ಚಾರ್ ಡಬ್ಬಿಯಲ್ಲಿ ಒಂದೇ ಅಕ್ಷರಕ್ಕೆ ಜಾಗ. ಎರಡನೆಯದಕ್ಕಿಲ್ಲ.

ನಮ್ಮಲ್ಲಿ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಫೇಲಾಗುವವರೇ ಇಲ್ಲ. ನಾನಾದೆ. ಥಿಯರಿಯನ್ನು ಉರು ಹೊಡೆದು ಪಾಸು ಮಾಡಿದವಳು ಪ್ರಾಕ್ಟಿಕಲ್‌ನಲ್ಲಿ ಕೂತುಬಿಟ್ಟೆ. ಹೊರಗಿನಿಂದ ಬಂದ ಪರೀಕ್ಷಕರು, ಎರಡು ಅಂಕಿಗಳನ್ನು ಚಾರ್‌ನಲ್ಲಿ ಓದಿ ಕೂಡಿಸಿ ತೋರಿಸಿ ಎಂದರು. ಒಂದು ಒತ್ತಿದೆ, ಎರಡು ಒತ್ತಿದೆ. ಉತ್ತರ 99 ಬಂತು.

"ಏನಮ್ಮ ಇದು?" ಎಂದರು ಪರೀಕ್ಷಕರು.

"ಕಂಪ್ಯೂಟರ್ ಹಾಳಾಗಿದೆ ಸರ್. ಪಕ್ಕದ್ದರಲ್ಲಿ ಮಾಡ್ಲಾ?"

ಪಕ್ಕದ್ದರಲ್ಲೂ 99 ಬಂತು. ಅದೂ ಹಾಳಾಗಿದೆ ಎಂದೆ. ಅವರಿಗೆ ಕೋಪ ಬಂತು. ಕೋಪ ಬರದೆ ಇನ್ನೇನು?

ಆಮೇಲೆ ಸರ್ ಬಿಡಿಸಿ ಹೇಳಿದರು. "ಕಬಡ್ಡಿ ಆಟಗಾರರ ಅಂಗಿ ಮೇಲೆ ನಂಬರ್ ಇರುತ್ತಲ್ಲ. ಒಂದನೇ ನಂಬರಿನವನೂ ಎರಡನೇ ನಂಬರಿನವನೂ ಪಕ್ಕಪಕ್ಕ ನಿಂತ್ರೆ ಮೂರು ಅಂಕ ಸಿಗುತ್ತಾ? ಇಲ್ಲ. ನೀವು ಒತ್ತಿದ ಒಂದು, ಅಂಗಿ ಮೇಲಿನ ಒಂದು. ಕಂಪ್ಯೂಟರ್ ಪ್ರತಿ ಅಕ್ಷರಕ್ಕೂ ಸಾಲಲ್ಲಿ ಒಂದು ಜಾಗ ಕೊಟ್ಟಿದೆ. ದೊಡ್ಡ ಎ ನಿಂತಿರೋದು ಅರವತ್ತೈದರಲ್ಲಿ. ಒಂದು ಅನ್ನೋ ಅಂಕಿ ನಲವತ್ತೊಂಬತ್ತರಲ್ಲಿ, ಎರಡು ಐವತ್ತರಲ್ಲಿ. ಕೂಡಿಸಿದ್ರೆ ತೊಂಬತ್ತೊಂಬತ್ತೇ. ಯಂತ್ರ ತಪ್ಪಿಲ್ಲ. ಸೊನ್ನೆ ನಿಂತಿರೋದು ನಲವತ್ತೆಂಟರಲ್ಲಿ. ಅಲ್ಲಿಂದ ಎಣಿಸಿ, ಒಂದು ಒಂದೇ ಆಗುತ್ತೆ."

ಎರಡನೇ ವರ್ಷ ಕಿರಿಯರ ಜೊತೆ ಕೂತು ಮತ್ತೆ ಬರೆದೆ. ಎರಡು ಅಕ್ಷರಗಳನ್ನು ಒಂದಾದ ಮೇಲೊಂದು ಕೇಳಿ ಯಾವುದು ಮೊದಲು ಬರುತ್ತದೆ ಎಂದು ಹೇಳಬೇಕಿತ್ತು. ಮೊದಲನೆಯದನ್ನು ಕೇಳಿತು, ಕೊಟ್ಟೆ. ಎರಡನೆಯದನ್ನು ಕೇಳುವ ಮೊದಲೇ ಉತ್ತರ ಹೇಳಿ ಮುಗಿಸಿಬಿಟ್ಟಿತು. ನಾಲ್ಕು ಸಲ ಓಡಿಸಿದೆ, ನಾಲ್ಕು ಸಲವೂ ಹಾಗೇ. ಕಿರಿಯ ಹುಡುಗಿಯರು ಮುಗಿಸಿ ಎದ್ದುಹೋಗುತ್ತಿದ್ದರು. "ಅಕ್ಕ, ಇನ್ನೂ ಆಗ್ಲಿಲ್ವಾ?" ಎಂದು ಒಬ್ಬಳು ಮೆಲ್ಲಗೆ ಕೇಳಿದಳು. ಅವಳ ಮುಖ ನೋಡಲಾಗಲಿಲ್ಲ. ಗಂಟೆ ಹೊಡೆಯಿತು.

ಆ ವಾರವೇ ದೊಡ್ಡಪ್ಪ ಬಾಳೆಹೊನ್ನೂರಿನ ಬಟ್ಟೆ ಅಂಗಡಿಯೊಂದರಲ್ಲಿ ನನಗೆ ಸೀರೆ ಮಡಚುವ ಕೆಲಸ ಗೊತ್ತುಮಾಡಿ ಬಂದರು. ಅಪ್ಪ ಗೋಡೆ ನೋಡುತ್ತಾ, "ಇನ್ನೊಂದು ಸಲ ನೋಡದು. ಆಗ್ಲಿಲ್ಲ ಅಂದ್ರೆ ಸಾಕು" ಎಂದ. ಮೂರನೇ ವರ್ಷದ ಉಳಿದೆಲ್ಲ ವಿಷಯ ಪಾಸಾದರೂ ಇದೊಂದು ಉಳಿದರೆ ಡಿಗ್ರಿ ಇಲ್ಲ. ಸೀರೆ ಮಡಚುವುದು ಕೀಳು ಕೆಲಸವಲ್ಲ. ಆದರೆ ನಾನು ಬಿಟ್ಟವರ ಸಾಲಿನಲ್ಲಿ ನಾಲ್ಕನೆಯವಳಾಗುತ್ತಿದ್ದೆ. ಅದು ನನಗೆ ಬೇಡವಾಗಿತ್ತು.

ಹಾಗಾಗಿ ಬುಧವಾರ ಗುರುವಾರ ತರಗತಿ ಮುಗಿದ ಮೇಲೆ, ಕಿಗ್ಗದ ಬಸ್ಸು ಬರುವವರೆಗೆ ಲ್ಯಾಬಿನಲ್ಲಿ ನಾನು ಮತ್ತು ಸರ್. ಗೆಳತಿಯರು ಮೊದಮೊದಲು ಕಾಯುತ್ತಿದ್ದರು. ಆಮೇಲೆ ಬಿಟ್ಟರು. ಸರ್ ಕಿಟಕಿಯ ಪಕ್ಕ ಕೂತು ಎನ್.ಆರ್. ಪುರದ ಉತ್ತರಪತ್ರಿಕೆ ತಿದ್ದುತ್ತಿದ್ದರು. ನಾನು ತಪ್ಪುತ್ತಿದ್ದೆ. ಕರೆದರೆ ಬರುತ್ತಿದ್ದರು, ಕರೆಯದಿದ್ದರೆ ಇಲ್ಲ. ಒಂದು ಗಂಟೆಯಲ್ಲಿ ನಾವು ಹತ್ತು ಮಾತು ಆಡಿದ್ದರೆ ಹೆಚ್ಚು. ನನಗೆ ಆ ಮೌನದಿಂದ ಮೊದಲು ಭಯವಾಗುತ್ತಿತ್ತು, ಆಮೇಲೆ ಅದು ಅಭ್ಯಾಸವಾಯಿತು. ಅವರಿಗೆ ಅದು ಮೊದಲಿನಿಂದಲೂ ಅಭ್ಯಾಸವಿತ್ತು ಎಂದು ಈಗ ಅನ್ನಿಸುತ್ತದೆ.

ಎರಡನೇ ಅಕ್ಷರವನ್ನು ಯಾಕೆ ಕೇಳಲಿಲ್ಲ ಎಂಬುದನ್ನು ಅವರು ಬಸ್ಸಿನ ಲೆಕ್ಕದಲ್ಲಿ ಹೇಳಿದರು. "ನೀವು ಅಕ್ಷರ ಒತ್ತಿ ಆಮೇಲೆ ಏನು ಒತ್ತಿದ್ರಿ?"

"ಎಂಟರ್."

"ಅದೂ ಒಂದು ಅಕ್ಷರವೇ. ಕಾಣಲ್ಲ, ಆದ್ರೆ ಸಾಲಲ್ಲಿ ಹತ್ತನೇ ಜಾಗ ಅದರದ್ದು. ನಿಮ್ಮ ಅಕ್ಷರ ಡಬ್ಬಿಗೆ ಹೋಯ್ತು, ಎಂಟರ್ ಬಾಗಿಲಲ್ಲೇ ನಿಂತಿತ್ತು. ಬಾಳೆಹೊನ್ನೂರು ಬಸ್‌ಸ್ಟ್ಯಾಂಡಲ್ಲಿ ಕಂಡಕ್ಟರ್ ಅಜ್ಜಿಯನ್ನ ಹತ್ತಿ ಅಂತ ಕರೀತಾನೆ, ಬಾಗಿಲಲ್ಲಿ ನಿಂತವನು ಮೊದಲು ಹತ್ತಿ ಕೂತುಬಿಡ್ತಾನೆ. ಸೀಟು ಒಂದೇ. ಅಜ್ಜಿ ಕೆಳಗೇ ಉಳೀತಾರೆ."

"ಹಾಗಾದ್ರೆ ಏನ್ಮಾಡದು ಸರ್?"

"ಕರೆಯೋ ಮೊದಲು ಬಾಗಿಲು ಖಾಲಿ ಮಾಡಿಸ್ಬೇಕು." ಪ್ರೋಗ್ರಾಮಿನಲ್ಲಿ ಅಕ್ಷರ ಓದುವ ಸಾಲಿನಲ್ಲಿ, ಶೇಕಡಾ ಗುರುತಿಗೆ ಮೊದಲು ಒಂದು ಖಾಲಿ ಜಾಗ ಬಿಟ್ಟರು. ಅಷ್ಟೇ. ನಾಲ್ಕು ಸಲ ಓಡಿಸಿ ಒಂದು ವರ್ಷ ಕಳೆದುಕೊಂಡ ತಪ್ಪಿಗೆ ಅಷ್ಟೇ ಮದ್ದು. "ಖಾಲಿ ಜಾಗಾನೂ ಲೆಕ್ಕಕ್ಕೆ ಬರುತ್ತೆ. ಅದಕ್ಕೂ ಒಂದು ಸ್ಥಾನ ಇದೆ, ಮೂವತ್ತೆರಡು" ಎಂದು ಹೇಳಿ ಮತ್ತೆ ಕಿಟಕಿಯ ಪಕ್ಕ ಹೋಗಿ ಕೂತರು.

ಪರೀಕ್ಷೆಗೆ ಹದಿನೈದು ದಿನವಿರುವಾಗ ಒಂದು ವಾರ ಸರ್ ಬರಲಿಲ್ಲ. ರೆಕಾರ್ಡ್ ಪುಸ್ತಕಕ್ಕೆ ಅವರ ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಫೋನ್ ತೆಗೆಯಲಿಲ್ಲ. ಭಾನುವಾರ ಬೆಳಿಗ್ಗೆ ಕೊಪ್ಪದ ಬಸ್ಸು ಹತ್ತಿದೆ. ಎಲ್ಲಿ ಹುಡುಕುವುದೆಂದು ಗೊತ್ತಿರಲಿಲ್ಲ. ಕಂಡಕ್ಟರನ್ನೇ ಕೇಳಿದೆ.

"ಮೂರು ಪುಸ್ತಕದ ಮೇಷ್ಟ್ರಾ? ಹರಿಹರಪುರ ದಾಟಿದ ಮೇಲೆ ಒಂದು ಕ್ರಾಸಲ್ಲಿ ಇಳೀತಾರಲ್ಲ. ಎಂತ, ನೀನು ಅವರ ಪೈಕಿಯಾ?"

"ಅಲ್ಲ. ಸ್ಟೂಡೆಂಟು."

"ಅದೇ ಅಂದ್ಕೊಂಡೆ. ಅವರ ಪೈಕಿ ಅಂತ ಇಷ್ಟು ವರ್ಷದಲ್ಲಿ ಯಾರೂ ಕೇಳಿದ್ದಿಲ್ಲ."

ಕ್ರಾಸಿನಲ್ಲಿ ನಿಂತುಹೋದ ಹಳೆಯ ಅಕ್ಕಿ ಗಿರಣಿ. ಅದರ ಹಿಂದೆ ಒಂದೇ ಕೋಣೆ. ಸರ್ ಬಾಗಿಲು ತೆಗೆದವರು ನನ್ನನ್ನು ನೋಡಿ ಗಾಬರಿಯಾದರು. ಜ್ವರದಲ್ಲಿ ಗಡ್ಡ ಬೆಳೆದಿತ್ತು. ನನ್ನನ್ನು ಜಗಲಿಯಲ್ಲಿ ಕೂರಿಸಿ, ಬಾಗಿಲನ್ನು ಪೂರ್ತಿ ತೆರೆದಿಟ್ಟು, ಒಳಗೆ ಹೋಗಿ ಚಹಾ ಮಾಡಿದರು. ಬೇಡ ಎಂದರೂ ಕೇಳಲಿಲ್ಲ. ತೆರೆದ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ಗೋಡೆಯ ಮೇಲೆ ಫೋಟೋ ಇರಲಿಲ್ಲ. ಕೈಯಲ್ಲಿ ಬರೆದ ಮೂರು ಊರಿನ ಬಸ್ಸಿನ ವೇಳಾಪಟ್ಟಿ ಇತ್ತು. ಒಂದು ತಟ್ಟೆ, ಒಂದು ಲೋಟ. ಲೋಟದಲ್ಲಿ ನನಗೆ ಕೊಟ್ಟು, ಬುತ್ತಿ ಡಬ್ಬಿಯ ಮುಚ್ಚಳದಲ್ಲಿ ತಾವು ಬಗ್ಗಿಸಿಕೊಂಡರು.

"ಇನ್ನೊಂದು ಲೋಟ ತರೋದು ಮರೆತೇ ಹೋಗುತ್ತೆ" ಎಂದರು.

ಮುಚ್ಚಳ ಬಿಸಿಯಾಗಿತ್ತು, ಅಂಚು ಹಿಡಿದು ಊದಿ ಊದಿ ಕುಡಿದರು. ಆ ಕೋಣೆಯಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಸಹಿ ಹಾಕಿ ಕೊಟ್ಟು, "ಮುಂದಿನ ಬಸ್ಸು ಹನ್ನೊಂದು ಹತ್ತಕ್ಕೆ" ಎಂದರು, ಪಟ್ಟಿ ನೋಡದೆ. ಕ್ರಾಸಿನವರೆಗೆ ಬಂದು ನಿಂತರು. ಬಸ್ಸು ಹೊರಟ ಮೇಲೂ ನಿಂತೇ ಇದ್ದರು. ಊರಿಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಲೋಟದ ವಿಷಯವನ್ನು ಅವಳು ಎರಡು ಸಲ ಕೇಳಿದಳು.

ಮೂರನೇ ಪರೀಕ್ಷೆ ಶುಕ್ರವಾರ ಬಿತ್ತು. ಸರ್ ಎನ್.ಆರ್. ಪುರದಲ್ಲಿದ್ದರು. ಒಂದೊಂದೇ ಅಂಕಿಯನ್ನು ಚಾರ್‌ನಲ್ಲಿ ಓದಿ ಕೂಡಿಸುತ್ತಾ ಹೋಗಬೇಕು, ಪ್ರತಿ ಸಲವೂ ಮುಂದುವರಿಯಲೇ ಎಂದು ಕೇಳಬೇಕು, ವೈ ಒತ್ತಿದರೆ ಮುಂದೆ, ಎನ್ ಒತ್ತಿದರೆ ನಿಲ್ಲಬೇಕು. ಚೀಟಿಯನ್ನು ಮತ್ತೊಮ್ಮೆ ಓದಿದೆ. ನಾನು ಎರಡು ವರ್ಷ ಬಿದ್ದ ಎರಡೂ ಗುಂಡಿಗಳು ಅದರಲ್ಲೇ ಇದ್ದವು. ಮೊದಲು ಹಾಳೆಯ ಮೇಲೆ ಬರೆದೆ. ಅಂಕಿಯಿಂದ ಸೊನ್ನೆಯ ಸ್ಥಾನ ಕಳೆದೆ. ಪ್ರತಿ ಓದುವ ಸಾಲಿನಲ್ಲೂ ಬಾಗಿಲು ಖಾಲಿ ಮಾಡಿದೆ. ಟೈಪ್ ಮಾಡಿ ಓಡಿಸಿದೆ. ಒಂದು ಕೊಟ್ಟೆ, ಮುಂದುವರಿಯಲೇ ಎಂದಿತು. ವೈ ಎಂದೆ. ಎರಡು ಕೊಟ್ಟೆ. ಮೊತ್ತ 3.

ಆ ಮೂರನ್ನು ನಾನು ಎಷ್ಟು ಹೊತ್ತು ನೋಡುತ್ತ ಕೂತೆನೋ ಗೊತ್ತಿಲ್ಲ. ಒಂದನೇ ಕ್ಲಾಸಿನ ಮಗು ಬೆರಳು ಮಡಚಿ ಹೇಳುವ ಉತ್ತರ. ನನಗೆ ಮೂರು ವರ್ಷ ಹಿಡಿಯಿತು.

ಪರೀಕ್ಷಕರು ಬೇರೆಯವರು. ಪರದೆಯತ್ತ ಬಗ್ಗಿ, "ಇಲ್ಲಿ ಈ ಖಾಲಿ ಜಾಗ ಯಾಕೆ ಬಿಟ್ಟಿದ್ದು?" ಎಂದರು.

"ಬಾಗಿಲಲ್ಲಿ ಎಂಟರ್ ನಿಂತಿರ್ತದೆ ಸರ್. ಅದನ್ನ ಇಳಿಸ್ದೆ ಬೇರೆಯೋರನ್ನ ಕರೆದ್ರೆ ಅದೇ ಹತ್ತಿ ಕೂತ್ಕೊಳ್ತದೆ."

ಅವರು ಕನ್ನಡಕ ತೆಗೆದರು. "ಯಾರಮ್ಮ ಹೀಗೆ ಹೇಳಿಕೊಟ್ಟಿದ್ದು?"

ಸರ್ ಹೆಸರು ಹೇಳಿದೆ.

"ಯಾವೂರಿನವರು?"

ಹರಿಹರಪುರದ ಆಚೆಯ ಕ್ರಾಸ್ ಎಂದು ಬಾಯಿಗೆ ಬಂತು. ಅದು ಊರಲ್ಲ. "ಗೊತ್ತಿಲ್ಲ ಸರ್" ಎಂದೆ. ಕೇಳಿದ ಎಲ್ಲ ಪ್ರಶ್ನೆಗಳಲ್ಲಿ ನನಗೆ ಬಾರದ್ದು ಅದೊಂದೇ.

ಪಾಸಾದೆ. ಉಳಿದ ವಿಷಯಗಳೂ ಪಾಸಾದವು. ದೊಡ್ಡಪ್ಪ ಬಟ್ಟೆ ಅಂಗಡಿಯವರಿಗೆ, "ಹುಡುಗಿ ಡಿಗ್ರಿ ಮುಗಿಸಿದ್ಲು ಮಾರಾಯ್ರೆ" ಎಂದು ತಾವೇ ಹೋಗಿ ಹೇಳಿ ಬಂದರು. ಈಗ ನಾನು ಒಂದು ಕಚೇರಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದೇನೆ, ಬೆಳಗಿನಿಂದ ಸಂಜೆಯವರೆಗೆ ಜನರ ಜಮೀನಿನ ಅರ್ಜಿ ಏರಿಸುತ್ತೇನೆ. ನಮ್ಮ ಮನೆಯ ಮೊದಲ ಡಿಗ್ರಿ ನನ್ನದು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಸರ್ ತೀರಿಕೊಂಡ ಮಾರನೇ ದಿನ ಆ ಕ್ರಾಸಿಗೆ ಹೋದೆ. ಗುಂಪಿನಲ್ಲಿ ವಿಳಾಸ ಹಾಕಿದ್ದೆ, ಆರು ಜನ ಬಂದಿದ್ದರು. ಬಾಗಿಲಿಗೆ ಬೀಗ. ಘಟ್ಟದ ಕೆಳಗಿನಿಂದ ಅಕ್ಕನ ಮಗನೊಬ್ಬ ಬಂದು ಎಲ್ಲ ಮುಗಿಸಿ ಹೋದನಂತೆ. ಗಿರಣಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆವು. ಮೂರು ಊರಿನವರು, ಒಬ್ಬರಿಗೊಬ್ಬರ ಪರಿಚಯವಿಲ್ಲ.

ಅಲ್ಲಿ ಕೂತಾಗ ನನಗೆ ನೆನಪಾದದ್ದು ಪದವಿ ಪ್ರಮಾಣಪತ್ರ ಕೈಗೆ ಬಂದ ದಿನ. ಅದು ಕಾಲೇಜಿಗೆ ಬಂದಿದೆ ಎಂದು ಫೋನ್ ಬಂದಾಗ ಅಮ್ಮ ಶಾಲೆಗೆ ರಜೆ ಹೇಳಿ ನನ್ನ ಜೊತೆ ಹೊರಟಳು. ಅವಳು ಕಾಲೇಜಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಡಲು ಹೋದಳು, ನಾನು ತಡೆದೆ. ಬುಧವಾರವಾದ್ದರಿಂದ ಸರ್ ಅಲ್ಲೇ ಇದ್ದರು. ಆಫೀಸಿನವರು ಸಹಿ ಹಾಕಿಸಿಕೊಂಡು ಪ್ರಮಾಣಪತ್ರವನ್ನು ಕೊಟ್ಟರು. ನಾನು ಅಮ್ಮನ ಕೈಗಿಡಲು ಹೋದೆ.

"ನಂಗಲ್ಲ ಕೂಸೇ. ಮೊದ್ಲು ಅವರಿಗೆ ಕೊಡು."

ಸರ್ ತರಗತಿ ಮುಗಿಸಿ ಕಾರಿಡಾರಿನಲ್ಲಿ ಬರುತ್ತಿದ್ದರು. ಕೊಟ್ಟೆ. ಸೀಮೆಸುಣ್ಣದ ಕೈಯನ್ನು ಕರ್ಚೀಫಿಗೆ ಎರಡು ಸಲ ಒರೆಸಿಕೊಂಡು ತೆಗೆದುಕೊಂಡರು. ಮೊದಲ ಅಕ್ಷರದಿಂದ ಕೊನೆಯವರೆಗೆ ಓದಿದರು. ಹಿಂಬದಿ ತಿರುಗಿಸಿ ನೋಡಿದರು, ಅಲ್ಲೇನೂ ಇರಲಿಲ್ಲ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಅಮ್ಮನಿಗೆ ಕೊಟ್ಟರು.

ಅಮ್ಮ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಹೊರಡಲಿಲ್ಲ. ಅವರ ಮುಖವನ್ನೇ ನೋಡುತ್ತ ನಿಂತಳು.

"ಮನೆ ಮುಟ್ಟೋದ್ರೊಳಗೆ ನಂಗೆ ಹತ್ತು ಜನಕ್ಕೆ ಹೇಳೋದಿದೆ ಸರ್. ಬಸ್ಸಲ್ಲೇ ಶುರು ಮಾಡ್ತೀನಿ. ಇವಳ ಸಂಗಡ ನೀವೂ ಇಷ್ಟು ವರ್ಷ ಕಷ್ಟಪಟ್ರಿ. ಇವತ್ತು ಸಂಜೆ ಹೋಗಿ ನೀವು ಯಾರಿಗೆ ಹೇಳ್ತೀರಿ?"